ಛರ್ರೆ ನುಂಗುವ ಡಬ್ಬಾ

ನಮ್ಮ ಶಹಾಪುರದ ಕಡೆ ಯಾವ ಸಮಸ್ಯೆಗೂ ಮೊದಲ ಪರಿಹಾರ ಫರ್ಸಿ ಕಲ್ಲು. ನೆಲಕ್ಕೆ ಫರ್ಸಿ, ಅಡುಗೆ ಕಟ್ಟೆಗೆ ಫರ್ಸಿ, ಮೋರಿ ಮುಚ್ಚಲಿಕ್ಕೂ ಫರ್ಸಿ. ಹಾಗಾಗಿ ತಂಗಿ ಏರ್ ರೈಫಲ್ ಹಿಡಿದು ಮನೆಗೆ ಬಂದ ದಿನ, ಗುರಿಯ ಹಾಳೆಯ ಹಿಂದೆ ಏನಿಡಬೇಕೆಂದು ಯಾರೂ ಯೋಚಿಸಲೇ ಇಲ್ಲ. ಹಿತ್ತಲಲ್ಲಿ ಬಿದ್ದಿದ್ದ ಫರ್ಸಿಯೊಂದನ್ನು ಗೋಡೆಗೆ ಆನಿಸಿದೆವು.

ರೈಫಲ್ ಅವಳ ಕಾಲೇಜಿನ ಪಿ.ಟಿ. ಮಾಸ್ತರರದು. ಯಾದಗಿರಿಯಲ್ಲಿ ನಡೆಯುವ ಶೂಟಿಂಗ್ ತಂಡದ ಆಯ್ಕೆಗೆ ಮೂರೇ ವಾರ ಇತ್ತು. ಮನೆಯಲ್ಲೂ ಅಭ್ಯಾಸ ಮಾಡಲೆಂದು, ಅದಕ್ಕೆ ಹಾಕುವ ಪುಟ್ಟ ಗುಂಡು ಅಂದರೆ ಛರ್ರೆಗಳ ಸಮೇತ ಕೊಟ್ಟಿದ್ದರು. ನಾನು ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವನು. ಆದ್ದರಿಂದ ಭೌತಶಾಸ್ತ್ರವೂ ನನ್ನದೇ ಎಂದುಕೊಂಡಿದ್ದೆ.

"ಛರ್ರೆ ಸೀಸದ್ದು, ಮೆತ್ತಗ. ಕಲ್ಲು ಗಟ್ಟಿ. ಗಟ್ಟಿ ಮುಂದ ಮೆತ್ತಂದು ಸೋಲ್ತದ. ಮುಗೀತು" ಎಂದೆ.

ಸೋತ ಛರ್ರೆ ಅಲ್ಲೇ ಬೀಳುತ್ತದೆಂದು ಯಾರು ಹೇಳಿದ್ದರು? ಮೊದಲ ಹೊಡೆತಕ್ಕೇ ಅದು ಕಲ್ಲಿಗೆ ಬಡಿದು ತಿರುಗಿ ಬಂದು, ನಮ್ಮ ಪಕ್ಕದಲ್ಲಿದ್ದ ನೀರಿನ ಕೊಡಕ್ಕೆ ಟಣ್ ಎಂದು ತಾಗಿತು. ಅವ್ವ ಹೊರಗೆ ಬಂದಳು.

"ತೂತೇನು ಬಿದ್ದಿಲ್ಲಬೇ" ಎಂದೆ.

"ಕೊಡದ ಜಾಗದಾಗ ಇಕಿ ಕಣ್ಣಿದ್ರ?"

ಅವ್ವ ರೈಫಲನ್ನು ಅಲ್ಮಾರಿಯಲ್ಲಿಟ್ಟು ಕೀಲಿ ಹಾಕಿದಳು. "ಛರ್ರೆ ಹೊಳ್ಳಿ ಬರಲಾರದಂಗ ಏನರ ಮಾಡ್ರಿ. ರವಿವಾರ ನಾನ ಪರೀಕ್ಷಾ ಮಾಡ್ತೀನಿ. ಫೇಲಾದ್ರ ಸೋಮವಾರ ಮಾಸ್ತರಗ ವಾಪಸ್."

ಸುರಪುರ ರಸ್ತೆಯ ವೆಲ್ಡಿಂಗ್ ಚಾಚಾನ ಬಳಿ ಹೋಗಿ, ಛರ್ರೆ ಹಿಡಿಯಲು ಹಿಂದೆ ದಪ್ಪ ತಗಡು ನೆಟ್ಟಗೆ ನಿಂತ ಡಬ್ಬಾದ ಚಿತ್ರ ತೋರಿಸಿದೆ. ಚಾಚಾ ನಕ್ಕ.

"ವಕೀಲ ಸಾಬ್, ತಗಡು ವಾರಿ ಕೂಡಿಸಬೇಕ್ರಿ. ತಲಿ ಮುಂದ, ಕಾಲು ಹಿಂದ."

"ಹಂಗಂತ ಪುರಾವೆ ಏನದ ಚಾಚಾ?"

ಆತ ತಗಡೊಂದನ್ನು ನೆಟ್ಟಗೆ ನಿಲ್ಲಿಸಿ, ಬಕೆಟ್ಟಿನಿಂದ ಒಂದು ಮಗ್ ನೀರು ಎರಚಿದ. ನನ್ನ ಪ್ಯಾಂಟು ಒದ್ದೆಯಾಯಿತು. ಆಮೇಲೆ ಅದೇ ತಗಡಿನ ಮೇಲ್ತುದಿಯನ್ನು ನಮ್ಮ ಕಡೆ ಬಾಗಿಸಿ ಎರಚಿದ. ನೀರೆಲ್ಲ ಬುಡಕ್ಕೇ ಇಳಿಯಿತು.

"ಪುರಾವೆ ಸಾಕೇನ್ರಿ, ಇಲ್ಲಾ ಇನ್ನೊಂದು ಮಗ್ ಹಾಕ್ಲಿ?"

ಡಬ್ಬಾ ಆತ ಹೇಳಿದಂತೆಯೇ ಆಯಿತು: ಓರೆ ತಗಡು, ಎರಡೂ ಬದಿ ಮುಚ್ಚಿಗೆ, ಕೆಳಗೆ ಮರಳಿನ ಟ್ರೇ, ಮುಂದಿನ ಬಾಯಿಗೆ ಗುರಿಯ ಹಾಳೆ.

ರವಿವಾರ ಅವ್ವ ಡಬ್ಬಾದ ಮುಂದೆ ಜೋಳದ ಹಿಟ್ಟನ್ನು ರಂಗೋಲಿಗಿಂತ ತೆಳ್ಳಗೆ ಉದುರಿಸಿದಳು. ಒಂದು ಚೂರು ಹಿಂದೆ ಬಂದರೂ ಹಿಟ್ಟಿನಲ್ಲಿ ಗುರುತು ಬೀಳಬೇಕು. ಯಾವ ವಿಜ್ಞಾನ ಮಾಸ್ತರರೂ ನನಗೆ ಇಂಥ ಪ್ರಯೋಗ ತೋರಿಸಿರಲಿಲ್ಲ. ಹಿತ್ತಲ ಬಾಗಿಲಿಗೆ ಚಿಲಕ ಹಾಕಿ, ನಾನೂ ಅವ್ವನೂ ತಂಗಿಯ ಹಿಂದೆ ನಿಂತೆವು. ಕನ್ನಡಕ ಹಾಕಿಕೊಂಡು ಅವಳು ಹತ್ತು ಹೊಡೆದಳು. ಹಿಟ್ಟು ಹಾಕಿದ್ದು ಹಾಕಿದಂತೆಯೇ ಇತ್ತು.

ತಂಗಿ ಕುಣಿಯುವಷ್ಟರಲ್ಲಿ ಅವ್ವ ಟ್ರೇದ ಮರಳನ್ನು ಜರಡಿ ಹಿಡಿದಳು. ಒಂಬತ್ತೇ ಛರ್ರೆ.

"ಹತ್ತನೇದು ಎಲ್ಲದ?"

ನಾಲಿಗೆ ತುರಿಸಿತು. ಹಿಟ್ಟಿನಲ್ಲಿ ಗುರುತಿಲ್ಲ, ಅಂದರೆ ಹಿಂದೆ ಬಂದಿಲ್ಲ, ಅಂದರೆ ಒಳಗೇ ಇದೆ. ಇದೇ ವಾದಕ್ಕೆ ಕಪ್ ಕೊಡುತ್ತಿದ್ದರು. ಆದರೆ ಡಬ್ಬಾದ ಮೇಲಿಂದ ಹಾರಿ ಗೋಡೆ ದಾಟಿದ್ದರೆ? ಹಾಳೆಯ ತೂತು ಎಣಿಸೋಣವೆಂದರೆ, ನಡುವೆ ಒಂದರ ಮೇಲೊಂದು ಬಿದ್ದು ಒಂದೇ ಹರುಕು ಕಿಂಡಿಯಾಗಿತ್ತು.

"ಅದು ಸಿಗೋತನಕ ರೈಫಲ್ ಅಲ್ಮಾರಿ ಒಳಗೇ ಇರ್ಲಿ" ಎಂದೆ.

"ಅಣ್ಣಾ, ನೀ ಯಾರ ಪಾರ್ಟಿ?" ಎಂದಳು ತಂಗಿ.

"ಛರ್ರೆ ಪಾರ್ಟಿ."

ಅವಳು ಬೈಯುತ್ತಲೇ ಡಬ್ಬಾ ಮಗುಚಿ, ಮೊಬೈಲ್ ಟಾರ್ಚ್ ಹಿಡಿದು ತಲೆ ತೂರಿಸಿದಳು. ಆಮೇಲೆ ಒಳಗಿನಿಂದಲೇ ಕೂಗಿದಳು. ಓರೆ ತಗಡೂ ಬದಿಯ ತಗಡೂ ಕೂಡುವ ಮೂಲೆಯಲ್ಲಿ, ವೆಲ್ಡಿಂಗಿನ ಗಂಟಿಗೆ ಅದು ಹಣೆಯ ಟಿಕಳಿಯಂತೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಅವ್ವ ಹೇರ್‌ಪಿನ್ನಿನಿಂದ ಕೆದರಿ ತೆಗೆದು, ಅಂಗೈಯಲ್ಲಿ ಒಂಬತ್ತರ ಪಕ್ಕ ಇಟ್ಟು ನೋಡಿದಳು. ಅಲ್ಮಾರಿಯ ಕೀಲಿಯನ್ನು ತಂಗಿಯ ಕೈಗಿಟ್ಟಳು.

"ಸೀಸ ಅದು, ಕೈ ತೊಳ್ಕೊಂಡು ರೊಟ್ಟಿ ಮುಟ್ರಿ. ಮತ್ತ ದಿನಾ ಎಷ್ಟು ಹೊಡೀತೀರಿ ಅಷ್ಟೂ ಹೆಕ್ಕಿ ನನಗ ತೋರ್ಸಬೇಕು."

"ಮರಳಾಗ ಹೆಕ್ಕವರು ಯಾರಬೇ?" ಎಂದಳು ತಂಗಿ.

ಅವ್ವ ಜರಡಿಯನ್ನು ನನ್ನ ಕಡೆ ಚಾಚಿದಳು. "ಇಂವ. ಬಾಯಿಗಷ್ಟ ಕೆಲಸಾದ್ರ ಹ್ಯಾಂಗ? ಕೈಗೂ ಇರ್ಲಿ."