ತೊಟ್ಟಿಯ ಬಾಯಲ್ಲಿ ಹಗ್ಗ ಹಿಡಿದವಳು

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನದು ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ. ಶಾಲೆ ಬಿಟ್ಟ ಮೇಲೆ ಇನ್ನೂ ಕೆಟ್ಟಿದೆ. ಒಳ್ಳೆಯ ಮಾತುಗಳೂ ನನಗೆ ಬೇಗ ಸಿಗುವುದಿಲ್ಲ. ಬರೆದದ್ದನ್ನೆಲ್ಲ ಅತ್ತೆಗೆ ಓದಿ ಹೇಳಿ, ಅವಳು ಹೌದು ಅಂದದ್ದನ್ನು ಮಾತ್ರ ಉಳಿಸಿದ್ದೇನೆ.

ಅತ್ತೆ ನನ್ನ ಅಪ್ಪನ ತಂಗಿ. ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಹಗ್ಗದಕ್ಕ ಎಂದೇ ಕರೆಯುತ್ತಾರೆ. ಕಾರ್ಖಾನೆಯ ಹಿಂದೆ, ನೆಲದೊಳಗೆ, ಕೊಳಕು ನೀರು ಬಂದು ನಿಲ್ಲುವ ದೊಡ್ಡ ತೊಟ್ಟಿಯಿದೆ. ಅದರ ಬಾಯಿ ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ. ಒಳಗೆ ಇಳಿಯಲು ಕಬ್ಬಿಣದ ಏಣಿ. ತಳದ ಕೆಸರು ಗಟ್ಟಿಯಾಗಿ ಪಂಪು ಕಟ್ಟಿಕೊಂಡಾಗ ಅತ್ತೆಯ ಗಂಡ, ನನ್ನ ಮಾವ, ಸನಿಕೆ ಹಿಡಿದು ಇಳಿಯುತ್ತಾರೆ. ಅವರ ಸೊಂಟಕ್ಕೆ ಹಗ್ಗ ಕಟ್ಟಿರುತ್ತದೆ. ಅದು ಬಾಯಿಯ ಮೇಲಿನ ರಾಟೆಗೆ ಸುತ್ತಿ ಅತ್ತೆಯ ಕೈಗೆ ಬರುತ್ತದೆ. ರಾಟೆಯ ಹಿಡಿ ತಿರುಗಿಸಿದರೆ ಅವಳೊಬ್ಬಳೇ ಮಾವನನ್ನು ಎತ್ತಬಲ್ಲಳು.

ಮಾವ ಒಳಗಿರುವಷ್ಟು ಹೊತ್ತೂ ಅತ್ತೆಯ ಬಾಯಿ ಬಿಡುವಿಲ್ಲದೆ ಆಡುತ್ತಿರುತ್ತದೆ. ಗೊತ್ತಿಲ್ಲದವರು ಅವಳನ್ನು ವಾಚಾಳಿ ಅಂದುಕೊಳ್ಳುತ್ತಾರೆ. ಆದರೆ ಅವಳು ಮತ್ತೆ ಮತ್ತೆ ಕೇಳುವುದು ಒಂದೇ ಮಾತು: ನಾತ ಇದೆಯೇ? ಕೆಸರಿನೊಳಗಿನ ವಿಷಗಾಳಿ ಸ್ವಲ್ಪವೇ ಇದ್ದರೆ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಜಾಸ್ತಿಯಾದರೆ ಅದು ಮೊದಲು ಮೂಗನ್ನೇ ಸಾಯಿಸುತ್ತದೆ. ಮನುಷ್ಯ ಬೀಳುವುದು ಆಮೇಲೆ. ನಾತ ನಿಂತಿತು ಅಂದರೆ ಮತ್ತೊಂದು ಮಾತಿಲ್ಲದೆ ಎಳೆಯಬೇಕು.

ಕಳೆದ ಸಲ ಮಾವ ಇಳಿದ ದಿನವೂ ಗಾಳಿ ಊದುವ ಯಂತ್ರದ ಕೊಳವೆಯನ್ನು ಒಳಗೆ ಬಿಟ್ಟಿದ್ದರು. ಅತ್ತೆ ಬಗ್ಗಿ ಕೇಳಿದಳು.

"ರೀ, ನಾತ ಇದ್ಯಾ?"

"ಇದೆ ಕಣೇ. ನಿಮ್ಮಣ್ಣ ಬೂಟು ಬಿಚ್ಚಿದಂಗಿದೆ."

"ನಮ್ಮಣ್ಣನ ಸುದ್ದಿಗೆ ಬರ್ಬೇಡಿ. ನಿಮ್ಮ ತಮ್ಮ ನೀರು ಕಂಡು ಎಷ್ಟು ದಿನ ಆಯ್ತು ಅಂತ ಕೇಳಿ ಮೊದಲು."

ಮಾವ ನಕ್ಕದ್ದು ಕೇಳಿಸಿತು. ಸನಿಕೆ ಗಟ್ಟಿ ಕೆಸರಿಗೆ ಬಿದ್ದ ಸದ್ದು ಬಂತು. ಅದರ ಹಿಂದೆಯೇ ಒಳಗೆ ಏನೋ ಬುಸ್ಸೆಂದಿತು.

"ನಾತ?"

ಉತ್ತರ ತಡವಾಗಿ ಬಂತು. "ಏನೂ ಇಲ್ಲ ಕಣೇ. ಈಗ ಹಾಯಾಗಿದೆ."

ಅತ್ತೆ ಕೂಡಲೇ ಹಿಡಿ ತಿರುಗಿಸಿದಳು. ಹಗ್ಗ ಬಿಗಿಯಾಯಿತು, ಆದರೆ ಮೇಲೆ ಬರಲಿಲ್ಲ. ಏಣಿ ಮಾತ್ರ ಕಟಕಟ ಅಲುಗಾಡಿತು. ಹಗ್ಗ ಕಾಲಿಗೆ ತೊಡರುತ್ತದೆಂದು ಮಾವ ಅದನ್ನು ಸೊಂಟದಿಂದ ಬಿಚ್ಚಿ ಏಣಿಗೆ ಕಟ್ಟಿದ್ದರು. ಅತ್ತೆಗೆ ಹಗ್ಗ ಸಡಿಲವೆನಿಸಬಾರದು, ಅವಳು ಬೈಯಬಾರದು, ಅಷ್ಟೇ ಅವರ ಯೋಚನೆ.

ಕರೆದಳು. ಉತ್ತರವಿಲ್ಲ. ಯಾರೋ ಕೆಸರಿನಲ್ಲಿ ಕೂತಂಥ ಮೆತ್ತಗಿನ ಸದ್ದು ಮಾತ್ರ.

ಅವಳಿಗೆ ಅರಿವಾಗುವ ಮೊದಲೇ ಅವಳ ಬಲಗಾಲು ಏಣಿಯ ಮೇಲಿತ್ತು. ಆಗ ಪಕ್ಕದ ಕಾರ್ಖಾನೆಯ ಅಂಗಳ ಕಣ್ಣಿಗೆ ಕಟ್ಟಿತು. ಅಲ್ಲಿ ಹಿಂದೊಮ್ಮೆ ಒಬ್ಬ ತೊಟ್ಟಿಯೊಳಗೆ ಬಿದ್ದ. ಅವನನ್ನು ಎತ್ತಲು ಅವನ ಅಣ್ಣ ಇಳಿದ. ಅಣ್ಣನನ್ನು ಎತ್ತಲು ಅಳಿಯ ಇಳಿದ. ಮೂವರನ್ನೂ ಒಂದೇ ಸಾಲಿನಲ್ಲಿ ಮಲಗಿಸಿದ್ದನ್ನು ಅವಳು ನೋಡಿದ್ದಳು. ಆ ಬೀದಿಯ ತೊಟ್ಟಿಗಳಲ್ಲಿ ಮೊದಲು ಬಿದ್ದವರಿಗಿಂತ ಅವರನ್ನು ಎತ್ತಲು ಹೋಗಿ ಸತ್ತವರೇ ಜಾಸ್ತಿ. ಇಲ್ಲಿ ಕೆಲಸಕ್ಕೆ ಬರುವವರೆಲ್ಲ ಒಂದೇ ಮನೆಯವರು, ನೆಂಟರು. ತಮ್ಮವರು ಬಿದ್ದರೆ ಯಾರ ಕಾಲೂ ನಿಲ್ಲುವುದಿಲ್ಲ.

ಅತ್ತೆ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಗಾಳಿಯ ಕೊಳವೆಯನ್ನು ಆದಷ್ಟು ಆಳಕ್ಕೆ ತಳ್ಳಿದಳು. ಗಂಟಲು ಹರಿಯುವಂತೆ ಮೇಸ್ತ್ರಿಯನ್ನು ಕೂಗಿದಳು. ಉಸಿರಾಟದ ಮುಖವಾಡವೂ ಗಾಳಿಯ ಸಿಲಿಂಡರೂ ಉಗ್ರಾಣದಲ್ಲಿದ್ದವು. ಮೇಸ್ತ್ರಿ ಅವನ್ನು ತರುವ ತನಕ ಅವಳು ಎರಡೂ ಕಾಲನ್ನು ಮಡಚಿ, ಅವುಗಳ ಮೇಲೆ ತಾನೇ ಕುಳಿತಳು. ಎದ್ದರೆ ಇಳಿದುಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ಮೇಸ್ತ್ರಿ ಮುಖವಾಡ ಹಾಕಿಕೊಂಡು ಇಳಿದು, ಮಾವನಿಗೆ ಹಗ್ಗ ಬಿಗಿದ. ಅತ್ತೆ ಹಿಡಿ ತಿರುಗಿಸಿದಳು. ಮೇಲೆ ಬಂದ ಮುಖ ನೀಲಿಗಟ್ಟಿತ್ತು. ಆಸ್ಪತ್ರೆಯವರು ಉಳಿಸಿಕೊಟ್ಟರು.

ಮಾವ ಮನೆಗೆ ಬಂದರು, ಜೊತೆಗೆ ಮಾತೂ ಬಂತು. "ಗಂಡ ಒಳಗೆ ಒದ್ದಾಡ್ತಿದ್ರೆ ಇವಳು ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತಿದ್ಲಂತೆ" ಎಂದರು ಮಾವನ ತಾಯಿ, ಅತ್ತೆಗೆ ಕೇಳಿಸಲಿ ಎಂದೇ.

ಮಾವ ಬೇರೆ ಕಡೆ ಕೆಲಸ ಕೇಳಿ ಬಂದರು. ಸಿಗಲಿಲ್ಲ. ಅಷ್ಟರಲ್ಲಿ ಪಂಪು ಮತ್ತೆ ಕಟ್ಟಿಕೊಂಡಿದೆ ಎಂದು ಮೇಸ್ತ್ರಿ ಹೇಳಿ ಕಳುಹಿಸಿದ. ಊಟಕ್ಕೆ ಕೂತಾಗ ಮಾವನ ತಮ್ಮ ಮಾತು ತೆಗೆದ.

"ಅತ್ತಿಗೆ, ಈ ಸಲ ಹಗ್ಗ ನಂಗೆ ಕೊಡಿ. ಅಣ್ಣ ಬಿದ್ರೆ ನಾನು ನೋಡ್ತಾ ಕೂರೋನಲ್ಲ. ಹಿಂದೇನೇ ಹಾರ್ತೀನಿ."

ತೊಟ್ಟಿಯ ಬಾಯಲ್ಲಿ ಆದದ್ದಕ್ಕಿಂತ ಹೆಚ್ಚು ಭಯ ಅತ್ತೆಗೆ ಆಗ ಆಯಿತು. ಮಾವನ ತಾಯಿ ಮಗನ ಮಾತಿಗೆ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದರು.

"ಅದಕ್ಕೇ ನಿನಗೆ ಕೊಡಲ್ಲ" ಎಂದಳು ಅತ್ತೆ. "ಹಾರೋರು ಹಗ್ಗ ಹಿಡೀಬಾರ್ದು. ನಿಮ್ಮಮ್ಮನಿಗೆ ಇರೋದು ಇಬ್ಬರೇ ಗಂಡುಮಕ್ಕಳು."

"ನಿಮ್ಮದು ಕಲ್ಲು ಮನಸ್ಸು ಬಿಡಿ."

"ಆಗಲಿ, ಕಲ್ಲೇ." ಮಾವನ ಕಡೆ ತಿರುಗಿದಳು. "ಗಂಟು ಈ ಸಲ ಬೆನ್ನ ಹಿಂದೆ ನಾನೇ ಹಾಕ್ತೀನಿ. ನಿಮ್ಮ ಕೈಗೆ ಎಟುಕಬಾರ್ದು."

ಮಾವ ತಟ್ಟೆ ನೋಡುತ್ತಲೇ ಹೇಳಿದರು. "ಹಗ್ಗ ಅವಳ ಹತ್ರನೇ ಇರ್ಲಿ ಕಣೋ."

ಆಮೇಲೆ ಪಾತ್ರೆ ತೊಳೆಯುವಾಗ ಅತ್ತೆ ನನ್ನೊಬ್ಬಳಿಗೇ ಕೇಳುವಂತೆ ಅಂದಳು. "ಅವತ್ತೇನೋ ಕಾಲು ನನ್ನ ಮಾತು ಕೇಳ್ತು. ಇನ್ನೊಂದು ಸಲ ಕೇಳುತ್ತೋ ಇಲ್ವೋ, ನಂಗೇ ಗೊತ್ತಿಲ್ಲ ಕಣೆ."

ಸೋಮವಾರ ಮಾವ ಇಳಿಯುತ್ತಾರೆ. ನಾನೂ ಅತ್ತೆಯ ಜೊತೆ ಹೋಗುತ್ತೇನೆ. ಅವಳು ಹಗ್ಗ ಹಿಡಿದಿರುವಷ್ಟು ಹೊತ್ತೂ ಅವಳ ಹಿಂದೆ ಕುಳಿತು, ಎರಡೂ ಕೈಯಿಂದ ಅವಳ ಸೊಂಟ ಹಿಡಿದುಕೊಂಡಿರುತ್ತೇನೆ.