ಹೊರಕಡಿಗೆ ಹೋಗಬಾರದೆಂಬ ಅಪ್ಪಣೆ

ಮಂದಿಯ ನಡುವೆ ಆಡಬಾರದ ಮಾತೆಂದು ಬಹಳ ದಿನ ಮುಚ್ಚಿಟ್ಟ ಸಂಗತಿ ಇದು. ನಮ್ಮಪ್ಪನಿಗೆ ಐದು ದಿನ ಮಲವಿಸರ್ಜನೆ ಆಗಿರಲಿಲ್ಲ. ನೋಡಿ, ಇಷ್ಟು ಹೇಳುವುದಕ್ಕೂ ನನಗೆ ಸಂಸ್ಕೃತ ಬೇಕಾಯಿತು. ಇಳಕಲ್ಲಿನ ಸಾಲೆಯಲ್ಲಿ ಕನ್ನಡ ಕಲಿಸಿ ಹೊಟ್ಟೆ ಹೊರೆದವನ ಯೋಗ್ಯತೆ ಇಷ್ಟೇ.

ಎಪ್ಪತ್ತರ ದಶಕದ ಕೊನೆಯ ಮಾತು. ಮಗ್ಗದ ಕುಣಿಯಲ್ಲಿ ಕೂತೇ ಮುದುಕನಾದ ಅಪ್ಪ ಹರ್ನಿಯಾ ಆಪರೇಷನ್ನಿಗೆಂದು ಬಾಗಲಕೋಟೆಯ ಒಂದು ದವಾಖಾನೆ ಸೇರಿದ್ದ. ಆಪರೇಷನ್ ಮುಗಿದ ಮೇಲೆ, ಬೀಡಿ ಸೇದಲು ಎದ್ದು ಅಂಗಳಕ್ಕೆ ಹೋದಾನೆಂದು ಮೈಸೂರು ಕಡೆಯ ನರ್ಸಮ್ಮ, "ಅಜ್ಜ, ನಾನು ಹೇಳೋವರೆಗೂ ಹೊರಗಡೆ ಹೋಗ್ಬೇಡಿ, ಹೊಲಿಗೆ ಬಿಚ್ಚುತ್ತೆ" ಎಂದಳು. ನಮ್ಮ ಕಡೆ ಹೊರಕಡಿಗೆ ಹೋಗುವುದೆಂದರೆ ನೀರಿನ ಚೆರಿಗೆ ಹಿಡಿದು ಬಯಲಿಗೆ ಹೋಗುವುದು. ಅಪ್ಪ ತಲೆಯಾಡಿಸಿದ. ಮಂಚದ ಪಕ್ಕ ಪೇಪರು ಓದುತ್ತಿದ್ದ ನನಗೆ ಎರಡೂ ಅರ್ಥ ಹೊಳೆದವು. ಒಳ್ಳೆಯ ಶ್ಲೇಷೆ ಎಂದು ಒಳಗೊಳಗೇ ನಕ್ಕು ಪುಟ ತಿರುವಿದೆ.

ಅಪ್ಪ ಅಪ್ಪಣೆ ಪಾಲಿಸತೊಡಗಿದ. ರೊಟ್ಟಿ ಅರ್ಧಕ್ಕಿಳಿಸಿದ, ಆಮೇಲೆ ನೀರನ್ನೂ ಕಡಿಮೆ ಮಾಡಿದ. ಡಾಕ್ಟರು ಹೊಟ್ಟೆ ಹೇಗಿದೆಯೆಂದರೆ "ಛಲೋ ಐತ್ರಿ" ಎನ್ನುತ್ತಿದ್ದ. ಐದನೆಯ ದಿನ ಹೊಟ್ಟೆ ಕಲ್ಲಾಗಿ, ಯಾವತ್ತೂ ಅಳದವನು ಅತ್ತ.

"ಯಾಕಜ್ಜ ತಡ್ಕೊಂಡ್ರಿ?" ಎಂದಳು ನರ್ಸಮ್ಮ.

"ನೀವ ಬ್ಯಾಡಂದಿದ್ರೆಲ್ಲರೀ."

ವಾರ್ಡೆಲ್ಲ ನಕ್ಕಿತು. ಅಪ್ಪ ಗೋಡೆಯ ಕಡೆ ಹೊರಳಿದ.

ಡಾಕ್ಟರು ಗುಳಿಗೆ ಕೊಡಲಿಲ್ಲ. ಮುಂಜಾನೆ ಎದ್ದ ಕೂಡಲೇ ಬಿಸಿನೀರು, ತುಸು ಹೊತ್ತು ಪಡಸಾಲೆಯಲ್ಲಿ ಓಡಾಟ, ಊಟಕ್ಕೆ ರಾಜಗಿರಿ ಪಲ್ಯ, ಪಪ್ಪಾಯಿ. ದಿನಾ ಅದೇ ಹೊತ್ತಿಗೆ ಹೋಗಬೇಕು, ತಿಣುಕಬಾರದು. ಕುಕ್ಕರುಗಾಲಲ್ಲಿ ಕೂಡಲಾಗದ್ದಕ್ಕೆ ನಡುವೆ ತೂತಿದ್ದ ಮರದ ಕುರ್ಚಿ ಕೊಟ್ಟು, ಪಾದದ ಕೆಳಗೆ ಇಟ್ಟಂಗಿ ಇಡಿಸಿದರು. ಆದರೂ ಆಗಲಿಲ್ಲ. ಪರದೆಯಾಚೆ ಮಂದಿಯ ಮಾತು ಕೇಳುತ್ತಿದ್ದರೆ ಆತನಿಗೆ ಹೇಗಾದೀತು? ಮರುದಿನ ಕುರ್ಚಿಯನ್ನು ಹಿಂದಿನ ಖಾಲಿ ಕೋಣೆಗೆ ಒಯ್ದು, ಅಪ್ಪನನ್ನು ಕೂಡಿಸಿ, ಬಾಗಿಲು ಎಳೆದುಕೊಂಡು ನಾನು ಹೊರಗೆ ನಿಂತೆ. ಬಹಳ ಹೊತ್ತಾದ ಮೇಲೆ ಅಪ್ಪ ಗೋಡೆ ಹಿಡಿದು ಬಂದ.

"ಆತೇನಪ್ಪಾ?"

"ಆತು. ಇಷ್ಟ ನೀ ಮೊದಲ ಕೇಳಿದ್ದರ ಏನಾಗತಿತ್ತೋ?"

ಮನೆಗೆ ಬಂದ ಮೇಲೆ ಅಪ್ಪ ಹೊಸದೊಂದು ರೂಢಿ ಹಾಕಿಕೊಂಡ. ದಿನಾ ಮುಂಜಾನೆ ಚೆರಿಗೆ ತುಂಬಿಕೊಂಡು ನನ್ನೆದುರು ನಿಲ್ಲುವುದು, "ಹೊರಕಡಿಗೆ ಹೋಗಲೇನ್ರಿ ಮಾಸ್ತರ?" ಎನ್ನುವುದು. ನಾನು ಹೋಗು ಎನ್ನುವವರೆಗೂ ಕದಲುತ್ತಿರಲಿಲ್ಲ. ಚೇಷ್ಟೆಯೋ, ಸಿಟ್ಟೋ, ಖರೇನೇ ಅಂಜಿಕೆಯೋ ತಿಳಿಯದೆ ಎಂಟು ವರ್ಷ ಹೋಗು ಎಂದೆ. ಆತ ತೀರಿಕೊಂಡ. ಮೂರರಲ್ಲಿ ಯಾವುದೆಂದು, ಅದನ್ನೂ ನಾನು ಕೇಳಲಿಲ್ಲ.