ಬಿಸಿಲಿಗೆ ಒಯ್ದ ಬೆಟ್ಟದ ಹುಲ್ಲು

ದೇವರಿಗೆ ಸಲ್ಲದ, ದನವೂ ಮೂಸದ ಹುಲ್ಲಿಗೆ ಹನ್ನೆರಡು ಪಿಂಗಾಣಿ ಕುಂಡಗಳು! ಮಲ್ಕಾಜ್‌ಗಿರಿಯ ನಮ್ಮ ವಸತಿ ಸಮುಚ್ಚಯದ ಗಣಪತಿ ಗುಡಿಯ ಪಕ್ಕದಲ್ಲಿ ನಾನು ಪ್ರತಿನಿತ್ಯ ಇಪ್ಪತ್ತೊಂದು ಗರಿಕೆ ಆಯ್ದುಕೊಳ್ಳುತ್ತಿದ್ದ ಪಾತಿಯನ್ನು ಅಗೆಸಿ ಹಾಕಿ, ಸಂಘದ ಕಾರ್ಯದರ್ಶಿಗಳು ಅಲ್ಲಿ ಗೋಡೆಯ ನೆರಳಿಗೆ ಜಪಾನಿನ ಈ ಬೆಟ್ಟದ ಹುಲ್ಲನ್ನು ಪ್ರತಿಷ್ಠಾಪಿಸಿದರು. ಪ್ರತಿಷ್ಠಾಪನೆಯೆಂಬ ಪವಿತ್ರವಾದ ಮಾತನ್ನು ಬಳಸಿದವರು ಅವರೇ, ನಾನಲ್ಲ.

ತಿರಸ್ಕರಿಸುವುದಕ್ಕಾದರೂ ತಿಳಿದಿರಬೇಕೆಂದು ಅದರ ಕುರಿತು ಓದಿದೆ. ತಂಪಾದ ಬೆಟ್ಟಗಳ ತೇವದ ಬಂಡೆಗಳು ಅದರ ತವರು. ನೆಲದೊಳಗಿನ ಕಾಂಡದಿಂದ ಸೋಮಾರಿಯಂತೆ ಮೆಲ್ಲಗೆ ಹಬ್ಬುತ್ತದೆ. ಎಲೆ ಬುಡದಲ್ಲಿಯೇ ತಿರುಚಿಕೊಂಡು ತನ್ನ ಅಡಿಮೈಯನ್ನು ಆಕಾಶಕ್ಕೆ ಒಡ್ಡುತ್ತದೆ. ಸೂರ್ಯನಾರಾಯಣನಿಗೆ ಬೆನ್ನು ತೋರಿಸುವ ಇಂಥ ಅವಿಧೇಯ ಸಸ್ಯವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಹಳದಿ ಗೆರೆಯ ಈ ಬಗೆಯಂತೂ ನಡುಹಗಲಿನ ಬಿಸಿಲು ತಾಗಿದರೆ ಸುಟ್ಟುಹೋಗುತ್ತದೆ. ಅದನ್ನು ಸಾಕಲು ಇವರಿಗೆ ಸಿಕ್ಕಿದ್ದು ಹೈದರಾಬಾದು!

ಯಾದಗಿರಿಯ ಕಡೆಯಿಂದ ಬಂದ ಹೆಣ್ಣುಮಗಳೊಬ್ಬಳು ನಮ್ಮ ತೋಟ ನೋಡಿಕೊಳ್ಳುತ್ತಾಳೆ. ಗೇಟಿನ ಬಳಿಯ ಕೋಣೆ ಆ ಕೆಲಸದೊಂದಿಗೆ ಬಂದದ್ದು. ಜೋಳದ ಹೊಲದಲ್ಲಿ ಬೆಳೆದವಳು. ಫಾಲ್ಗುಣದಲ್ಲಿ ಹುಲ್ಲು ಮಂಕಾದಾಗ, ಒಂದೊಂದೇ ಕುಂಡವನ್ನು ಸೊಂಟಕ್ಕೇರಿಸಿಕೊಂಡು ಅಂಗಳದ ನಟ್ಟನಡುವಿಗೆ ಒಯ್ದಿಟ್ಟಳು.

"ನೆಳ್ಳಾಗ ಕುಂತು ಬಿಳಚಿಕೊಂಡೈತ್ರಿ ಅಜ್ಜಾರ. ಬಿಸ್ಲು ಬಿದ್ರ ಜ್ವಾಳದಂಗ ಸೆಟದು ನಿಲ್ತೈತಿ ನೋಡ್ರಿ."

ನಾನು ಜಪಮಣಿ ಸರಿಸುತ್ತ ಸುಮ್ಮನಿದ್ದೆ. ನಾಲ್ಕು ದಿನ ಬಾಲ್ಕನಿಯಲ್ಲಿ ಕುಳಿತು, ಆ ಎಲೆಗಳು ಸುರುಳಿ ಸುತ್ತಿ ಕಂದಾಗುವುದನ್ನು ನೋಡಿ ಒಳಗೊಳಗೇ ಹಿಗ್ಗಿದೆ.

ಐದನೆಯ ದಿನ ಕಾರ್ಯದರ್ಶಿಗಳು ಅಂಗಳದಲ್ಲಿ ತೆಲುಗಿನಲ್ಲಿ ಕೂಗಾಡಿದರು. "ರೇಪಟಿನುಂಚಿ ರಾವದ್ದು!" ನಾಳೆಯಿಂದ ಬರಬೇಡ ಎಂದದ್ದು ಅವಳಿಗೆ ಅರ್ಥವಾಯಿತು.

"ಚೊಲೋ ಆಗ್ಲೆಂತ ಮಾಡೀನ್ರಿ ಸಾಹೇಬ್ರ. ಮಗಳ ಸಾಲಿ ಇಲ್ಲೇ ಐತ್ರಿ. ಖೋಲಿ ಬಿಟ್ಟು ಎಲ್ಲಿಗೆ ಹೋಗ್ಲಿ?"

ಮೆಟ್ಟಿಲಿಳಿದು ಹೋದೆ. "ತಪ್ಪು ನನ್ನದು," ಎಂದೆ. "ಇದಕ್ಕೆ ನೆರಳೇ ಬೇಕೆಂದು ನನಗೆ ತಿಳಿದಿತ್ತು. ಹೇಳಲಿಲ್ಲ."

ಒಂದು ಹುಲ್ಲಿನ ಮೇಲೆ ಇಷ್ಟು ಕೋಪವೇ ಎಂದು ಕಾರ್ಯದರ್ಶಿಗಳು ನಕ್ಕರು. ಆ ನಗುವಿಗೆ ನಾನು ತಕ್ಕವನೇ ಆಗಿದ್ದೆ. ಯುಗಾದಿಯೊಳಗೆ ಚಿಗುರಿದರೆ ಅವಳು ಇರಲಿ, ಇಲ್ಲವಾದರೆ ಇಲ್ಲ ಎಂದು ಹೇಳಿ ಹೊರಟುಹೋದರು.

ಅವಳು ನನ್ನನ್ನೇ ದಿಟ್ಟಿಸಿದಳು. "ಗೊತ್ತಿದ್ದೂ ಸುಮ್ಕ ಕುಂತಿದ್ರೇನ್ರಿ? ದಿನಾ ಪೂಜಿ ಮಾಡೋ ಮಂದಿ!"

ನಾನು ಉತ್ತರೀಯವನ್ನು ಸೊಂಟಕ್ಕೆ ಬಿಗಿದು ಹತ್ತಿರದ ಕುಂಡದ ಬಳಿ ಹೋಗಿ ನಿಂತೆ.

"ನಿಂತು ಏನ್ ನೋಡ್ತೀರಿ? ಆ ಕಡಿ ಹಿಡೀರಿ," ಎಂದಳು.

ಹನ್ನೆರಡೂ ಕುಂಡಗಳನ್ನು ಇಬ್ಬರೂ ಸೇರಿ ಮೊದಲಿದ್ದ ಗೋಡೆಯ ನೆರಳಿಗೇ ಸಾಗಿಸಿದೆವು. ಸುಟ್ಟ ಎಲೆಗಳನ್ನು ಅವಳು ಬುಡದವರೆಗೆ ಕತ್ತರಿಸಿದಳು. ಈಗ ಸಂಧ್ಯಾವಂದನೆ ಮುಗಿದೊಡನೆ ನನ್ನ ಮೊದಲ ಕೆಲಸ, ಕುಂಡದ ಮಣ್ಣಿನೊಳಗೆ ಬೆರಳಿಟ್ಟು ತೇವ ನೋಡುವುದು. ಆ ಹುಲ್ಲಿನ ಮೇಲಿನ ನನ್ನ ತಾತ್ಸಾರ ಎಳ್ಳಷ್ಟೂ ಇಳಿದಿಲ್ಲ. ಯುಗಾದಿಗೆ ಇನ್ನು ಒಂಬತ್ತು ದಿನಗಳಿವೆ. ಅದು ಚಿಗುರಲೆಂದು ಗಣಪತಿಯನ್ನು ಬೇಡಿಕೊಳ್ಳುತ್ತಿದ್ದೇನೆ.